ಆಂಡುಯಿನ್: ಗೊಂಡೋರ್‌ನ ಗೋಡೆಯೂ ಹೆಬ್ಬಾಗಿಲೂ
ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಯುದ್ಧ ಅರ್ಥವಾಗಬೇಕಾದರೆ ನಕ್ಷೆಯಲ್ಲಿ ಆಂಡುಯಿನ್ ನದಿಯನ್ನು ನೋಡಿ. ಪೂರ್ವಕ್ಕೆ ಶತ್ರುವಿನ ಮೊರ್ಡೋರ್, ಪಶ್ಚಿಮಕ್ಕೆ ಗೊಂಡೋರ್ ರಾಜ್ಯದ ರಾಜಧಾನಿ ಮಿನಾಸ್ ತಿರಿತ್. ನಡುವೆ ಈ ನದಿಯೇ ಗೋಡೆ. ನದಿಯ ಮೇಲಿನ ಓಸ್ಗಿಲಿಯಾತ್ ನಗರದ ಸೇತುವೆಯನ್ನು ಗೊಂಡೋರ್‌ನವರು ಕೆಡವಿದ ಮೇಲೆ ಶತ್ರುಸೇನೆ ಹೊಳೆ ದಾಟಿಯೇ ಬರಬೇಕು. ಆದರೆ ಇದೇ ನದಿ ದಕ್ಷಿಣದಲ್ಲಿ ಕಡಲು ಸೇರುತ್ತದೆ, ಅಲ್ಲಿ ಉಂಬಾರ್‌ನ ಕಡಲ್ಗಳ್ಳರ ನೌಕಾಪಡೆ ಕಾದಿದೆ. ಆ ಭಯಕ್ಕೆ ದಕ್ಷಿಣದ ಪ್ರಾಂತ್ಯಗಳು ತಮ್ಮ ಬಲದ ಹತ್ತರಲ್ಲೊಂದು ಪಾಲನ್ನಷ್ಟೇ ರಾಜಧಾನಿಗೆ ಕಳಿಸುತ್ತವೆ. ಬಂದವರು 3000ಕ್ಕೂ ಕಡಿಮೆ. ಹಡಗುಗಳು ಇನ್ನೂ ರಾಜಧಾನಿಯ ಹತ್ತಿರ ಸುಳಿದಿಲ್ಲ, ಆಗಲೇ ಕೋಟೆ ಬಡವಾಗಿದೆ. ಎಷ್ಟು ಚೆಂದದ ಯುದ್ಧತಂತ್ರ!

ಈ ನಕ್ಷೆಗೆ ಆಕ್ಷೇಪಗಳೂ ಇವೆ. ಮೊರ್ಡೋರ್‌ನ ಪರ್ವತಗಳು ಪೆಟ್ಟಿಗೆಯ ಮೂಲೆಯಂತೆ ತಿರುಗುತ್ತವೆ, ಭೂವಿಜ್ಞಾನ ಇದನ್ನು ಒಪ್ಪದು ಎನ್ನುತ್ತಾರೆ ಕೆಲವರು. ನಿಜವೇ. ಆದರೆ ಸೇನಾಪತಿಗೆ ಬೆಟ್ಟ ಹುಟ್ಟಿದ ಬಗೆ ಮುಖ್ಯವಲ್ಲ, ಕಣಿವೆದಾರಿ ಎಲ್ಲಿದೆ ಎಂಬುದು ಮುಖ್ಯ. ಇನ್ನೊಂದು ಆಕ್ಷೇಪ: ಕೊನೆಗೆ ಕಡಲ್ಗಳ್ಳರ ಆ ಹಡಗುಗಳನ್ನು ಗೊಂಡೋರ್‌ನ ನೆರವಿಗೆ ಬಂದ ನಾಯಕ ಅರಗೋರ್ನ್‌ಗೆ ಗೆದ್ದುಕೊಟ್ಟದ್ದು ಪ್ರೇತಸೇನೆ, ಅಂದಮೇಲೆ ಭೂಗೋಳಕ್ಕೇನು ಬೆಲೆ? ಆದರೆ ಪ್ರೇತಗಳ ಕೆಲಸ ಆಂಡುಯಿನ್ ದಡದ ಪೆಲಾರ್ಗಿರ್ ಬಂದರಿನಲ್ಲೇ ಮುಗಿಯಿತು. ಅಲ್ಲಿಂದ ಮೇಲಕ್ಕೆ, ಹರಿವಿಗೆ ಎದುರಾಗಿ, ಮನುಷ್ಯರೇ ಹುಟ್ಟು ಹಾಕಿದರು. ಕಡಲಿನ ಕಡೆಯಿಂದ ಗಾಳಿ ಬೀಸಿದ ಮೇಲೆಯೇ ಪಟ ಬಿಚ್ಚಿ ವೇಗವಾಗಿ ಸಾಗಿದರು.