ಬೈಬಲ್ ಅಧ್ಯಯನದ ಪುಸ್ತಕ: ಕೊಳ್ಳೋ ಮುಂಚೆ ಇಷ್ಟು ನೋಡಿ

ಬರಗೂರು, ಸಿರಾ ಕಡೆ ಮನೇಲಿ ನಾಲ್ಕೈದು ಜನ ಕೂತು ಬೈಬಲ್ ಓದೋ ಗುಂಪು ಶುರು ಮಾಡ್ತಿದ್ದೀರಾ? ಅಧ್ಯಯನದ ಪುಸ್ತಕ ಕೊಳ್ಳೋ ಮುಂಚೆ ಅದರ ಒಂದು ಪಾಠ ತೆಗೆದು ನೋಡಿ.

ಉದಾಹರಣೆಗೆ ಮಾರ್ಕನ ಸುವಾರ್ತೆ 4ನೇ ಅಧ್ಯಾಯ, ಬಿತ್ತುವವನ ಸಾಮ್ಯ. ಬೀಜ ಬೀಳೋದು ನಾಲ್ಕು ಕಡೆ: ದಾರಿ ಬದಿ, ಬಂಡೆ ನೆಲ, ಮುಳ್ಳು ನೆಲ, ಒಳ್ಳೆ ನೆಲ. ರಾಗಿ, ಕಡಲೆಕಾಯಿ ಬಿತ್ತೋ ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಪುಸ್ತಕದಲ್ಲಿ 'ಬೀಜ ಎಲ್ಲೆಲ್ಲಿ ಬಿತ್ತು?' ಅಂತ ಕೇಳಿದ್ರೆ ಒಬ್ಬರು ಉತ್ತರ ಹೇಳ್ತಾರೆ, ಮಾತು ಅಲ್ಲಿಗೇ ಮುಗೀತು. 'ದೇವರ ವಾಕ್ಯ ನಮ್ಮಲ್ಲಿ ಬೇರು ಬಿಡದ ಹಾಗೆ ತಡೀತಿರೋದು ಏನು?' ಅಂದ್ರೆ ಎಲ್ಲರೂ ಮಾತಾಡ್ತಾರೆ. ಗುಂಪಿಗೆ ಬೇಕಾಗಿರೋದು ಇಂಥ ಪ್ರಶ್ನೆ.

ಒಬ್ಬರೇ ಧ್ಯಾನ ಮಾಡೋಕಾ? ದಿನಕ್ಕೊಂದು ಸಣ್ಣ ಭಾಗ, ಒಂದೆರಡು ಪ್ರಶ್ನೆ, ಬರೆಯೋಕೆ ಖಾಲಿ ಜಾಗ. ಇಷ್ಟಿದ್ರೆ ಸಾಕು.

ಇನ್ನು ಭಾಷೆ. ಇಡೀ ಬೈಬಲ್ ಕನ್ನಡದಲ್ಲಿ 1831ರಲ್ಲೇ ಬಳ್ಳಾರಿಯಲ್ಲಿ ಅಚ್ಚಾಯ್ತು. ಈಗ ಹಲವು ಅನುವಾದಗಳಿವೆ. ಪುಸ್ತಕದಲ್ಲಿರೋ ಅನುವಾದ, ನಿಮ್ಮ ಕೈಲಿರೋ ಬೈಬಲ್ ಎರಡೂ ಒಂದೇ ಆಗಿರಲಿ.

ಹೊಸಬರು ಮಾರ್ಕನಿಂದಲೇ ಶುರು ಮಾಡಿ. 16 ಅಧ್ಯಾಯ, ವಾರಕ್ಕೊಂದು ಅಂದ್ರೆ ಸುಮಾರು ನಾಲ್ಕು ತಿಂಗಳು. ಓದೋಕೆ ಬಾರದವರಿದ್ರೆ ಒಬ್ಬರು ಗಟ್ಟಿಯಾಗಿ ಓದಿ. ಯಾವ ಪುಸ್ತಕ ತಂದರೂ ಮೊದಲು ವಾಕ್ಯ, ಆಮೇಲೆ ವಿವರಣೆ.