ಸ್ಕೌಟ್ ಮಾಸ್ತರರಿಗೂ ತರಬೇತಿ ಯಾಕೆ?

ಪ್ರಶ್ನೆ: ಗಂಟು ಹಾಕಲು, ಡೇರೆ ಕಟ್ಟಲು ಬಲ್ಲ ಶಿಕ್ಷಕರನ್ನೂ ಸ್ಕೌಟ್ ತರಬೇತಿಗೆ ಕಳಿಸುವುದೇಕೆ?

ಗಂಟು ಕಲಿಸುವುದು ಇಲ್ಲಿ ಸಣ್ಣ ಕೆಲಸ. ಸ್ಕೌಟಿಂಗ್‌ನಲ್ಲಿ ಮಕ್ಕಳು ಆರೆಂಟು ಮಂದಿಯ ಪೆಟ್ರೋಲ್‌ಗಳಾಗಿ, ತಮ್ಮಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿಕೊಂಡು ನಡೆಯುತ್ತಾರೆ. ದೊಡ್ಡವರು ಸೈಕಲ್ ಕಲಿಸುವವರಂತೆ ಹಿಂದೆ ಓಡಬೇಕು. ಸೀಟು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಅದಕ್ಕೇ 1919ರಲ್ಲಿ ಸ್ಕೌಟಿಂಗ್‌ನ ಸ್ಥಾಪಕ ಬೇಡನ್ ಪೊವೆಲ್ ಲಂಡನ್ ಬಳಿಯ ಗಿಲ್ವೆಲ್ ಪಾರ್ಕಿನಲ್ಲಿ ಶುರುಮಾಡಿದ ಶಿಬಿರದಲ್ಲಿ ವಯಸ್ಕರೇ ಪೆಟ್ರೋಲ್‌ಗಳಾಗಿ ಡೇರೆಗಳಲ್ಲಿದ್ದು, ಮಕ್ಕಳಂತೆಯೇ ಕಲಿತರು.

ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಈ ತರಬೇತಿಯ ಹಂತಗಳು ಹೀಗೆ: ಮೊದಲು ಬೇಸಿಕ್, ಆಮೇಲೆ ಅಡ್ವಾನ್ಸ್ಡ್, ಕೊನೆಗೆ ಹಿಮಾಲಯ ವುಡ್ ಬ್ಯಾಡ್ಜ್. ನಡುವೆ, ಕಲಿತದ್ದನ್ನು ತಮ್ಮ ದಳದಲ್ಲಿ ನಡೆಸಿ ತೋರಿಸಬೇಕು. ನಿಜವಾದ ಪರೀಕ್ಷೆ ಅದೇ ಎನ್ನುತ್ತೇನೆ. ಎಲ್ಲ ಮುಗಿಸಿದವರ ಕೊರಳಿಗೆ ಚರ್ಮದ ದಾರದಲ್ಲಿ ಎರಡು ಮರದ ಮಣಿ ಬೀಳುತ್ತವೆ.