ತಂತ್ರಾಂಶ ವೃತ್ತಿ: ನಾಲ್ಕು ತಪ್ಪು ಕಲ್ಪನೆಗಳು ಮತ್ತು ಸತ್ಯ

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮೊದಲಾದೆಡೆ ದುಡಿಯುವ ತಂತ್ರಾಂಶ ಉದ್ಯೋಗಿಗಳ ದಿನವನ್ನು ಕೋಡ್ ಬರೆಯುವ ಕೆಲಸದಷ್ಟೇ ಮೀಟಿಂಗ್, ಇಮೇಲ್, ಚಾಟ್ ಸಂದೇಶ ಮತ್ತು ಮೊಬೈಲ್ ನೋಟಿಫಿಕೇಶನ್‌ಗಳೂ ಆವರಿಸಿಕೊಂಡಿರುತ್ತವೆ. ಈ ದಿನಚರಿಯ ಸುತ್ತ ಬೇರೂರಿರುವ ಹಲವು ನಂಬಿಕೆಗಳು ಯಂತ್ರಕ್ಕೆ ಸಲ್ಲುವ ಲೆಕ್ಕವನ್ನು ಮನುಷ್ಯನ ಗಮನಕ್ಕೂ ದೇಹಕ್ಕೂ ಹಾಗೆಯೇ ಅನ್ವಯಿಸುತ್ತವೆ. ಅದರ ನಷ್ಟವನ್ನು ಉದ್ಯೋಗಿಯ ಆರೋಗ್ಯವೂ ಕೆಲಸದ ಗುಣಮಟ್ಟವೂ ಒಟ್ಟಿಗೇ ಭರಿಸಬೇಕಾಗುತ್ತದೆ.

ತಪ್ಪು ಕಲ್ಪನೆ 1: ಪಳಗಿದ ಉದ್ಯೋಗಿಯು ಏಕಕಾಲಕ್ಕೆ ಹಲವು ಕೆಲಸಗಳನ್ನು ಮಾಡಬಲ್ಲ.

ಸತ್ಯ: ಒಂದೇ ಕೋರ್ ಇರುವ ಸಾಮಾನ್ಯ ಪ್ರೊಸೆಸರ್ ಸಹ ಹಲವು ಪ್ರೋಗ್ರಾಂಗಳನ್ನು ಒಮ್ಮೆಗೇ ನಡೆಸುವುದಿಲ್ಲ; ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತದೆ. ‘ಕಾಂಟೆಕ್ಸ್ಟ್ ಸ್ವಿಚ್’ ಎಂಬ ಈ ಕ್ರಿಯೆಯಲ್ಲಿ ನಿಲ್ಲಿಸಿದ ಕೆಲಸದ ಸ್ಥಿತಿಯನ್ನು ಮೆಮೊರಿಯಲ್ಲಿ ಯಥಾವತ್ತಾಗಿ ಉಳಿಸಿಡಲಾಗುವುದರಿಂದ ಯಂತ್ರವು ಬಿಟ್ಟ ಸ್ಥಳದಿಂದಲೇ ಮುಂದುವರಿಯುತ್ತದೆ. ಮನುಷ್ಯನ ಮನಸ್ಸಿಗೆ ಆ ಅನುಕೂಲವಿಲ್ಲ. ಕೂಡುವ ಮತ್ತು ಕಳೆಯುವ ಲೆಕ್ಕಗಳನ್ನು ಒಂದರ ಬಳಿಕ ಒಂದರಂತೆ ಬದಲಿಸುತ್ತ ಮಾಡುವುದಕ್ಕೆ ಒಂದೇ ಬಗೆಯ ಲೆಕ್ಕಗಳನ್ನು ಸತತವಾಗಿ ಮಾಡುವುದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆಂದು ಮನೋವಿಜ್ಞಾನಿ ಆರ್ಥರ್ ಜರ್ಸಿಲ್ಡ್ 1927ರಲ್ಲಿಯೇ ತೋರಿಸಿದ್ದರು. ಅಪೂರ್ಣವಾಗಿ ಬಿಟ್ಟ ಕೆಲಸದ ಒಂದಂಶವು ಮನಸ್ಸಿನಲ್ಲಿ ಉಳಿದು ಮುಂದಿನ ಕೆಲಸವನ್ನು ಕುಂದಿಸುತ್ತದೆ ಎಂಬುದನ್ನು ಸೋಫಿ ಲೆರಾಯ್ 2009ರಲ್ಲಿ ವಿವರಿಸಿ, ಅದನ್ನು ಗಮನದ ಶೇಷ ಎಂಬ ಅರ್ಥದ ಹೆಸರಿನಿಂದ ಕರೆದರು. ಅದೇ ವರ್ಷ ಪ್ರಕಟವಾದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು, ಹಲವು ಮಾಧ್ಯಮಗಳನ್ನು ಒಟ್ಟಿಗೇ ಬಳಸುವ ರೂಢಿ ಹೆಚ್ಚಾಗಿರುವವರು ಅಪ್ರಸ್ತುತ ಸಂಗತಿಗಳಿಂದ ಸುಲಭವಾಗಿ ವಿಚಲಿತರಾಗುತ್ತಾರೆಂದು ಕಂಡಿತು. ಮುಂದಿನ ಅಧ್ಯಯನಗಳಲ್ಲಿ ಈ ವ್ಯತ್ಯಾಸ ಚಿಕ್ಕದಾಗಿ ಕಂಡಿದ್ದರೂ, ರೂಢಿಯಿಂದಲೇ ಈ ಸಾಮರ್ಥ್ಯ ಬೆಳೆಯುತ್ತದೆಂಬ ನಂಬಿಕೆಗೆ ಅವುಗಳಿಂದ ಆಧಾರ ದೊರೆಯುವುದಿಲ್ಲ.

ತಪ್ಪು ಕಲ್ಪನೆ 2: ಹೆಚ್ಚು ಗಂಟೆ ದುಡಿದಷ್ಟೂ ಹೆಚ್ಚು ಕೆಲಸವಾಗುತ್ತದೆ.

ಸತ್ಯ: ಇನ್ಫೋಸಿಸ್ ಸಹಸ್ಥಾಪಕ ಎನ್. ಆರ್. ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ಹೇಳಿದ ಬಳಿಕ ಈ ಪ್ರಶ್ನೆ ದೇಶದಾದ್ಯಂತ ಚರ್ಚೆಗೆ ಬಂದಿತು. ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್, ವಾರದ ದುಡಿಮೆ ಸುಮಾರು 50 ಗಂಟೆಗಳನ್ನು ಮೀರಿದ ಮೇಲೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಇಳಿಯುತ್ತ ಹೋಗುವುದನ್ನೂ, 70 ಗಂಟೆಗಳ ಉತ್ಪಾದನೆಯು 56 ಗಂಟೆಗಳ ಉತ್ಪಾದನೆಗಿಂತ ಹೆಚ್ಚೇನೂ ಭಿನ್ನವಾಗಿಲ್ಲದಿರುವುದನ್ನೂ 2014ರಲ್ಲಿ ತೋರಿಸಿದರು. ಕೈದುಡಿಮೆಯ ಈ ಲೆಕ್ಕವನ್ನು ಕೋಡ್ ಬರಹಕ್ಕೆ ಅಂಕಿಗೆ ಅಂಕಿಯಾಗಿ ವರ್ಗಾಯಿಸಲಾಗದಿದ್ದರೂ, ದಣಿದ ಮನಸ್ಸು ಉಳಿಸಿಹೋದ ದೋಷವನ್ನು ಮರುದಿನ ಹುಡುಕಿ ಸರಿಪಡಿಸಬೇಕಾಗುವ ಈ ವೃತ್ತಿಯಲ್ಲಿ ದಣಿವಿನ ನಷ್ಟ ಕಡಿಮೆಯೆಂದು ಭಾವಿಸಲು ಕಾರಣವಿಲ್ಲ. ಆರೋಗ್ಯದ ಹಾನಿಯಂತೂ ಗಂಭೀರವಾಗಿದೆ: ವಾರಕ್ಕೆ 55 ಅಥವಾ ಹೆಚ್ಚು ಗಂಟೆ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಮತ್ತು ಹೃದಯಕ್ಕೆ ರಕ್ತ ಪೂರೈಕೆ ಕುಗ್ಗುವ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿದವು.

ತಪ್ಪು ಕಲ್ಪನೆ 3: ತಡವಾಗಿರುವ ಪ್ರಾಜೆಕ್ಟ್‌ಗೆ ಹೆಚ್ಚು ಜನರನ್ನು ಸೇರಿಸಿದರೆ ಅದು ಬೇಗ ಮುಗಿಯುತ್ತದೆ.

ಸತ್ಯ: ಐಬಿಎಂ ಸಂಸ್ಥೆಯ ಓಎಸ್/360 ಕಾರ್ಯಾಚರಣ ವ್ಯವಸ್ಥೆಯ ನಿರ್ಮಾಣವನ್ನು ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ‘ದ ಮಿಥಿಕಲ್ ಮ್ಯಾನ್-ಮಂತ್’ ಗ್ರಂಥದಲ್ಲಿ ಇದಕ್ಕೆ ವ್ಯತಿರಿಕ್ತವಾದ ನಿಯಮವನ್ನು ಮುಂದಿಟ್ಟರು; ತಡವಾದ ತಂತ್ರಾಂಶ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅದರ ಸಾರ. ಹೊಸಬರಿಗೆ ಕೆಲಸ ಕಲಿಸಲು ಹಳಬರೇ ಸಮಯ ಕೊಡಬೇಕಾಗುತ್ತದೆ. ಜೊತೆಗೆ, 5 ಜನರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಸಂಪರ್ಕಗಳು 10 ಆಗಿದ್ದರೆ, 10 ಜನರ ತಂಡದಲ್ಲಿ ಅವು 45ಕ್ಕೆ ಏರುತ್ತವೆ. ಬಿಡಿಬಿಡಿಯಾಗಿ ಹಂಚಬಹುದಾದ ಕೆಲಸಗಳಿಗೆ ಹೆಚ್ಚುವರಿ ಕೈಗಳು ನೆರವಾಗುತ್ತವೆ. ಒಂದರ ಮೇಲೊಂದು ಅವಲಂಬಿಸಿದ ಕೆಲಸಗಳಿಗೆ ಆಗುವುದಿಲ್ಲ.

ತಪ್ಪು ಕಲ್ಪನೆ 4: ಐಟಿ ಉದ್ಯೋಗಿಗಳಿಗೆ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ.

ಸತ್ಯ: ಕರ್ನಾಟಕದ ಐಟಿ ಸಂಸ್ಥೆಗಳಿಗೆ ಸರ್ಕಾರ ನೀಡುತ್ತ ಬಂದ ಬಹುಚರ್ಚಿತ ವಿನಾಯಿತಿಯು ಸೇವಾ ನಿಬಂಧನೆಗಳನ್ನು ಲಿಖಿತವಾಗಿ ಪ್ರಮಾಣೀಕರಿಸಬೇಕೆನ್ನುತ್ತಿದ್ದ, 2025ರವರೆಗೆ ಜಾರಿಯಲ್ಲಿದ್ದ 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆಗೆ ಸಂಬಂಧಿಸಿದ್ದಾಗಿತ್ತು; ಅದನ್ನೇ ಎಲ್ಲ ಕಾನೂನುಗಳಿಂದ ಸಿಕ್ಕ ವಿನಾಯಿತಿಯೆಂದು ಅನೇಕರು ತಿಳಿದಿದ್ದಾರೆ. ಕೆಲಸದ ಅವಧಿಗೆ ಸಂಬಂಧಿಸಿದ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9 ಹಾಗೂ ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿ, ಅದನ್ನು ಮೀರಿದ ಓವರ್‌ಟೈಮ್ ದುಡಿಮೆಗೆ ಸಾಮಾನ್ಯ ವೇತನದ ಎರಡು ಪಟ್ಟು ಕೊಡಬೇಕೆನ್ನುತ್ತದೆ. ಆಡಳಿತದ ಹೊಣೆಯುಳ್ಳ ಸ್ಥಾನದಲ್ಲಿರುವವರು ಇದರ ವ್ಯಾಪ್ತಿಗೆ ಬರುವುದಿಲ್ಲವಾದರೂ, ಕೇವಲ ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಎಂಬ ಪದವಿದ್ದ ಮಾತ್ರಕ್ಕೆ ಆ ಹೊಣೆ ಇದೆಯೆಂದು ಭಾವಿಸಬೇಕಿಲ್ಲ.

ಈ ನಾಲ್ಕು ಸಂಗತಿಗಳನ್ನು ಒಟ್ಟಾಗಿ ಪರಿಗಣಿಸಿದರೆ, ಮೀಟಿಂಗ್‌ಗಳಿಲ್ಲದ ಅಖಂಡ ಅವಧಿಯನ್ನು ದಿನದಲ್ಲಿ ಮೀಸಲಿಡುವುದು, ತುರ್ತಲ್ಲದ ಸಂದೇಶಗಳಿಗೆ ತಕ್ಷಣ ಉತ್ತರ ನಿರೀಕ್ಷಿಸದಿರುವುದು ಮತ್ತು ಗಡುವು ನಿಗದಿಪಡಿಸುವ ಮೊದಲೇ ಕೆಲಸ ಮಾಡುವವರ ಅಂದಾಜನ್ನು ಕೇಳುವುದು ಉದ್ಯೋಗಿಗೆ ತೋರುವ ರಿಯಾಯಿತಿಗಳಲ್ಲ, ಒಳ್ಳೆಯ ತಂತ್ರಾಂಶ ಹುಟ್ಟಲು ಬೇಕಾದ ಷರತ್ತುಗಳೇ ಆಗಿವೆ ಎಂಬುದು ಸ್ಪಷ್ಟವಾಗುತ್ತದೆ. ಇವನ್ನು ಒಬ್ಬೊಬ್ಬ ಉದ್ಯೋಗಿಯ ಶಿಸ್ತಿಗೆ ಬಿಟ್ಟರೆ ಸಾಲದು. ಸಂಸ್ಥೆಗಳು ತಮ್ಮ ನಿಯಮಗಳಲ್ಲಿಯೇ ಅಳವಡಿಸಿಕೊಳ್ಳಬೇಕು.